ತುಕ್ಕಣ್ಣ ಉಜ್ಜಿ ಕಳೆದ ಆರು ಅಂಕಿ

ಹೊಲಿಗೆ ಯಂತ್ರ ರಿಪೇರಿ ಮಾಡುವ ತುಕ್ಕಣ್ಣನಿಗೆ ಆ ಹೆಸರಿಟ್ಟವಳು ಅವನ ಹೆಂಡತಿ. ಅದೂ ಮದುವೆಗೆ ಮುಂಚೆ. ಅವಳ ಯಂತ್ರ ಕೈಕೊಟ್ಟಿತ್ತು, ಇವನು ರಿಪೇರಿಗೆಂದು ಅವರ ಮನೆಗೆ ಹೋಗಿದ್ದ. ಸೂಜಿ ಹಿಡಿಯುವ ಕಡ್ಡಿಯನ್ನು ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ಒಳ್ಳೆಯ ತುಕ್ಕು ಯಾವುದು, ಕೆಟ್ಟ ತುಕ್ಕು ಯಾವುದು ಎಂದು ಅರ್ಧ ಗಂಟೆ ಭಾಷಣ ಬಿಗಿದ. ಹುಡುಗಿ ಕೇಳುವಷ್ಟು ಕೇಳಿ, ಒಳಕೋಣೆಯ ಕಡೆ ತಿರುಗಿ, "ಅಪ್ಪಾ, ತುಕ್ಕಣ್ಣ ಬಂದಿದ್ದಾರೆ, ಇವತ್ತಿಗೆ ಮುಗಿಯೋ ಹಾಗೆ ಕಾಣಲ್ಲ" ಎಂದು ಕೂಗಿದಳು. ಮೂವತ್ತನಾಲ್ಕು ವರ್ಷದ ಹಿಂದಿನ ಮಾತು. ಹೆಸರು ಬೀದಿಗೆ ಹಬ್ಬಿತು, ಅಂಗಡಿಯ ಬೋರ್ಡಿಗೂ ಹತ್ತಿತು. ಅಣ್ಣ ಅಂತ ಕರೆದವಳನ್ನೇ ಕಟ್ಟಿಕೊಂಡೆಯಲ್ಲೋ ಎಂದು ಸ್ನೇಹಿತರು ರೇಗಿಸಿದ್ದು ಬೇರೆ.

ಅವತ್ತು ಒಳಕೋಣೆಯಿಂದ ಬಂದ ಅಪ್ಪ ಹಂದಿ ಬೇಟೆಗಾರ. ಪೈರು ಮೇಯಲು ಬರುವ ಕಾಡುಹಂದಿ ಹೊಡೆಯಲು ಸರ್ಕಾರವೇ ಪರವಾನಗಿ ಕೊಟ್ಟಿದ್ದ ಮನುಷ್ಯ. ಮಾತು ಕಡಿಮೆ, ಮೀಸೆ ಜಾಸ್ತಿ. ತುಕ್ಕಿನ ಭಾಷಣ ಅವರ ಕಿವಿಗೂ ಬಿದ್ದಿರಬೇಕು. ಕೈಯಲ್ಲಿ ಒಂದು ಕೋವಿ ಹಿಡಿದುಕೊಂಡೇ ಬಂದು, "ಇದರಲ್ಲಿ ಎಂಥ ತುಕ್ಕಿದೆ ಹೇಳಪ್ಪ" ಎಂದರು. ನಳಿಗೆಯಿಂದ ಹಿಡಿಯ ತನಕ ಕಪ್ಪು ಪೇಂಟು ಬಳಿದ ಕೋವಿ. ಕಿಟಕಿಯ ಸರಳಿಗೆ ಬಳಿಯುತ್ತಾರಲ್ಲ, ಆ ದಪ್ಪ ಪೇಂಟು, ಅಲ್ಲಲ್ಲಿ ಹನಿಗಟ್ಟಿ ಒಣಗಿತ್ತು. ತುಕ್ಕಣ್ಣ ಮುಖ ಸಿಂಡರಿಸಿದ. ಆದರೆ ಮುದುಕ ಅದನ್ನು ಒಮ್ಮೆ ಖಟಕ್ ಖಟಕ್ ಎಂದು ಆಡಿಸಿ ತೋರಿಸಿದ್ದೇ ತಡ, ಇವನು ಬಂದ ಕೆಲಸವನ್ನೇ ಮರೆತ.

ಲಿವರ್ ಕೋವಿ ಎಂದರೆ ಗೊತ್ತಿಲ್ಲದವರಿಗೆ ಒಂದು ಮಾತು. ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಕುದುರೆ ಇರುತ್ತದಲ್ಲ, ಅದರ ಸುತ್ತ ಕೈ ತೂರುವಷ್ಟು ಅಗಲದ ಕಬ್ಬಿಣದ ಬಳೆಯೊಂದು ಇರುತ್ತದೆ. ಆ ಬಳೆಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಸುಟ್ಟ ತೋಟಾ ಹೊರಕ್ಕೆ ಹಾರುತ್ತದೆ, ಹೊಸದು ಒಳಕ್ಕೆ ಬಂದು ಕೂರುತ್ತದೆ. ಒಂದು ಕೈಯ ಒಂದು ಚಲನೆಗೆ ಒಳಗಿನ ಹತ್ತು ತುಂಡುಗಳು ಒಂದರ ಹಿಂದೆ ಒಂದು, ತಮ್ಮ ತಮ್ಮ ಸರದಿ ತಪ್ಪಿಸದೆ ಓಡಾಡುತ್ತವೆ. ಹೊಲಿಗೆ ಯಂತ್ರವೂ ಹಾಗೆಯೇ ಅಲ್ಲವೆ? ಚಕ್ರ ತಿರುಗಿಸಿದರೆ ಸೂಜಿ, ದಾರ, ಬಾಬಿನ್ನು, ಹಲ್ಲು, ಎಲ್ಲವೂ ತಾವಾಗಿ ನಡೆಯುತ್ತವೆ. ತುಕ್ಕಣ್ಣ ಆ ಮನೆಯಲ್ಲಿ ಒಂದೇ ದಿನ ಎರಡು ಸಲ ಮನಸ್ಸು ಕಳೆದುಕೊಂಡ. ಹೆಂಡತಿ ಈಗಲೂ, "ಮೊದಲು ಕಳೆದುಕೊಂಡಿದ್ದು ಯಾರಿಗೆ ಅಂತ ಮಾತ್ರ ಕೇಳಬೇಡಿ" ಎನ್ನುತ್ತಾಳೆ.

ಆಮೇಲಿನ ಮೂವತ್ತು ವರ್ಷದಲ್ಲಿ ಅವನು ಸ್ವಂತಕ್ಕೆ ಮೂರು ಲಿವರ್ ಕೋವಿ ಮಾಡಿಕೊಂಡ. ಒಂದು ಗುಜರಿಯ ರಾಶಿಯಲ್ಲಿ ಸಿಕ್ಕಿದ್ದು, ಒಂದು ಸತ್ತವರ ಮನೆಯ ಅಟ್ಟದಿಂದ ಬಂದದ್ದು, ಇನ್ನೊಂದರ ಹಿಡಿಯನ್ನು ಯಾರೋ ಪುಣ್ಯಾತ್ಮರು ಒಲೆಗೆ ಹಾಕಿ, ಬರೀ ಕಬ್ಬಿಣ ಉಳಿದಿತ್ತು. ಒಂದೊಂದಕ್ಕೂ ಪರವಾನಗಿ ಮಾಡಿಸಲು ಚಪ್ಪಲಿ ಸವೆಸಿದ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಹೊಲಿಗೆ ಯಂತ್ರಗಳು. ಹಿಂದಿನ ಕೋಣೆಯಲ್ಲಿ ಎರಡು ಬೀಗದ ಕಬ್ಬಿಣದ ಬೀರು, ಒಂದು ಉದ್ದನೆಯ ಮೇಜು, ಮೇಜಿಗೆ ಕಚ್ಚಿಸಿದ ವೈಸು, ಅಗಸೆ ಎಣ್ಣೆಯ ಶೀಶೆ, ನಂಬರಿನ ಪ್ರಕಾರ ಜೋಡಿಸಿದ ಉಪ್ಪುಕಾಗದ. ಸಂಜೆ ಅಂಗಡಿಯ ಬಾಗಿಲು ಎಳೆದ ಮೇಲೆ ಎರಡು ಗಂಟೆ ಅವನು ಅಲ್ಲಿ. ಹೆಂಡತಿ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುತ್ತಾ ಇರುತ್ತಾಳೆ. ಅವಳ ಯಂತ್ರದ ಸದ್ದು ನಿಂತರೆ ಊಟದ ಹೊತ್ತಾಯಿತು ಎಂದರ್ಥ.

ಈ ಕಲೆಯಲ್ಲಿ ತುಕ್ಕಣ್ಣನಿಗೆ ಒಂದೇ ಧರ್ಮ: ಹೊಳಪು ಕೊಡಬಾರದು. ತುಕ್ಕು ತೆಗೆಯಬೇಕು, ಹಳೆಯ ಗಾಯ ಹಾಗೇ ಬಿಡಬೇಕು. ಕಬ್ಬಿಣದ ಮೇಲೆ ಕಾರ್ಖಾನೆಯವರು ಒತ್ತಿದ ಅಕ್ಷರ, ಅಂಕಿ, ಗುರುತು ಏನಿದೆಯೋ ಅದರ ಹತ್ತಿರ ಉಪ್ಪುಕಾಗದ ಸುಳಿಯಲೂಬಾರದು. ಒಮ್ಮೆ ಯಾರೋ ತಮ್ಮ ತಾತನ ಕೋವಿಯನ್ನು ತಿರುಗುವ ಚಕ್ರಕ್ಕೆ ಹಿಡಿದು ಫಳಫಳ ಮಾಡಿಕೊಂಡು ತಂದಿದ್ದರು. ತುಕ್ಕಣ್ಣ ಅದನ್ನು ಮೇಲಿಂದ ಕೆಳಗೆ ನೋಡಿ, "ಏನ್ ಸ್ವಾಮಿ, ಕೋವಿ ತಂದಿದ್ದೀರೋ, ಊಟದ ತಟ್ಟೆ ತಂದಿದ್ದೀರೋ?" ಎಂದ. ಮನುಷ್ಯ ಮತ್ತೆ ಆ ಬೀದಿಗೆ ಕಾಲಿಡಲಿಲ್ಲ. ಹೀಗೆ ಊರಿಗೆಲ್ಲ ಬುದ್ಧಿ ಹೇಳಿದ ಮಹರಾಯ ಕೊನೆಗೆ ಮಾಡಿದ್ದೇನು ಎಂಬುದೇ ಈಗ ಹೇಳಹೊರಟಿರುವುದು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ!

ಎರಡು ವರ್ಷದ ಹಿಂದೆ ಮಾವ ತೀರಿಕೊಂಡರು. ಅವರ ಕಪ್ಪು ಕೋವಿ ತುಕ್ಕಣ್ಣನ ಹೆಸರಿಗೆ ಬಂತು. ಹೇಗೆ ಬಂತು ಎಂದರೆ, ಬಂತು ಅಷ್ಟೆ. ಭಾವಮೈದ "ನಂಗೆ ಅದರ ಸಹವಾಸ ಬೇಡ, ಭಾವ ಇದ್ದಾರಲ್ಲ" ಎಂದ, ಪರವಾನಗಿ ಕಚೇರಿಯ ಗುಮಾಸ್ತ ಹಳೆಯ ಪುಸ್ತಕ ನೋಡಿ ಹೊಸ ಪುಸ್ತಕಕ್ಕೆ ನಕಲು ಮಾಡಿದ, ತುಕ್ಕಣ್ಣ ಸಹಿ ಹಾಕಿದ. ಕೋವಿಯನ್ನು ಚೀಲದಿಂದ ಹೊರಗೆ ತೆಗೆಸಿದವರೂ ಇಲ್ಲ. ಮಾವನ ಕಾಲದಲ್ಲೂ ತಪಾಸಣೆ ಹೀಗೆಯೇ ನಡೆಯುತ್ತಿತ್ತಂತೆ. ಮನೆಗೆ ಬಂದ ಕೋವಿ ಬೀರುವಿನ ಮೂಲೆಯಲ್ಲಿ ನಿಂತಿತು. ಆ ಪೇಂಟು ಕಂಡಾಗಲೆಲ್ಲ ತುಕ್ಕಣ್ಣನ ಮೈ ಉರಿಯುತ್ತಿತ್ತು. "ಯಾವ ಕತ್ತೆ ಬಳೀತೋ ಇದನ್ನ" ಎಂದು ಗೊಣಗುತ್ತಿದ್ದ. ಹೆಂಡತಿ ದಾರವನ್ನು ಹಲ್ಲಿನಿಂದ ಕಡಿದು ಹೊಲಿಗೆ ಮುಂದುವರಿಸುತ್ತಿದ್ದಳು.

ಈ ವರ್ಷ ಆಯುಧ ಪರವಾನಗಿ ಕಚೇರಿಗೆ ಹೊಸ ಅಧಿಕಾರಿ ಬಂದರು. ಬಂದವರೇ ಎಲ್ಲರಿಗೂ ನೋಟೀಸು ಕಳಿಸಿದರು: ಕೋವಿಯ ಮೈಮೇಲಿನ ನಂಬರು ಸ್ಪಷ್ಟವಾಗಿ ಕಾಣುವಂತೆ ಸ್ವಚ್ಛಗೊಳಿಸಿ, ಇಂಥ ದಿನ ಹಾಜರುಪಡಿಸತಕ್ಕದ್ದು, ನಂಬರು ಇಲ್ಲದ ಆಯುಧವನ್ನು ವಶಪಡಿಸಿಕೊಂಡು ಕುಲುಮೆಯಲ್ಲಿ ಕರಗಿಸಲಾಗುವುದು. ತುಕ್ಕಣ್ಣ ನೋಟೀಸನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ಪೇಂಟು ತೆಗೆಯಲು ಸರ್ಕಾರವೇ ಅಪ್ಪಣೆ ಕೊಟ್ಟಂತಾಯಿತಲ್ಲ! ಅದೇ ವಾರ ಹೆಂಡತಿ ಅಕ್ಕನ ಕಣ್ಣಿನ ಆಪರೇಷನ್ ಎಂದು ಎಂಟು ದಿನ ಅಲ್ಲಿಗೆ ಹೋದಳು. ಅವಳು ಬರುವುದರೊಳಗೆ ಅವಳಪ್ಪನ ಕೋವಿಯನ್ನು ಹೊಸದಾಗಿ ಕಾರ್ಖಾನೆಯಿಂದ ಬಂದ ದಿನದಂತೆ ಮಾಡಿಟ್ಟು, ಕೈಗೆ ಕೊಟ್ಟು, ಅವಳ ಮುಖ ನೋಡಬೇಕು ಎಂದು ಇವನ ಆಸೆ. ಆಸೆಯೇನೋ ಒಳ್ಳೆಯದೇ.

ಪೇಂಟು ಕರಗಿಸುವ ದ್ರಾವಣ ಹಚ್ಚುವ ಮೊದಲು ಅವನು ಕಣ್ಣು ಮುಚ್ಚಿ ಕೋವಿಯ ಮೈಯನ್ನೆಲ್ಲ ಉಗುರಿನಿಂದ ತಡವಿದ. ಅವನ ಮೂರೂ ಕೋವಿಗಳಲ್ಲಿ ನಂಬರು ಇರುವುದು ಹಿಂದುಗಡೆ, ಕಬ್ಬಿಣ ಮರದ ಹಿಡಿಯೊಳಗೆ ಬಾಲದಂತೆ ಇಳಿಯುವ ಜಾಗದಲ್ಲಿ. ಇದರಲ್ಲೂ ಅಲ್ಲಿ ಪೇಂಟಿನಡಿ ಅಕ್ಷರ ಕೊರೆದದ್ದು ಉಗುರಿಗೆ ಹತ್ತಿತು. "ಸಿಕ್ಕಿದೆಯಾ ನನ್ನಪ್ಪ" ಎಂದು ಆ ಜಾಗಕ್ಕೆ ಮೂರು ಸುತ್ತು ಟೇಪು ಅಂಟಿಸಿ ಭದ್ರ ಮಾಡಿದ. ಕೆಳಹೊಟ್ಟೆಯಲ್ಲಿ, ಬಳೆಯ ಮುಂದೆ, ಒಂದಿಷ್ಟು ತರಿತರಿ ಸಿಕ್ಕಿತು. ಬೇಟೆಗಾರರು ಕೋವಿ ಹಿಡಿದು ನಡೆಯುವುದು ಅಲ್ಲಿಯೇ. ನಲವತ್ತು ವರ್ಷದ ಬೆವರು ಕಬ್ಬಿಣವನ್ನು ತಿಂದು ಗುಳಿ ಮಾಡಿದೆ ಎಂದುಕೊಂಡ. ಅನುಭವಸ್ಥ ನೋಡಿ! ದ್ರಾವಣ ಹಚ್ಚಿದ, ಪೇಂಟು ಮೆತ್ತಗಾಯಿತು, ಮರದ ತುಂಡಿಗೆ ಉಪ್ಪುಕಾಗದ ಸುತ್ತಿ ಉಜ್ಜಲು ಕೂತ. ಕರ್ರಗಿನ ಕೆಸರು ಬರುತ್ತಿತ್ತು, ಒರೆಸುತ್ತಿದ್ದ, ಮತ್ತೆ ಉಜ್ಜುತ್ತಿದ್ದ. ಗುಳಿ ಹೋಗುವ ತನಕ ಬಿಡಲಿಲ್ಲ. ಮೂರನೆಯ ದಿನ ಕೆಳಹೊಟ್ಟೆ ಕನ್ನಡಿಯಾಯಿತು, ಅದರಲ್ಲಿ ಅವನ ಮೂಗೇ ಕಾಣುತ್ತಿತ್ತು.

ಆಮೇಲೆ ಟೇಪು ಬಿಚ್ಚಿ, ಬಾಲದ ಮೇಲಿನ ಪೇಂಟನ್ನು ಹಲ್ಲುಜ್ಜುವ ಬ್ರಶ್ಶಿನಿಂದ ನಿಧಾನವಾಗಿ ಬಿಡಿಸಿದ. ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಕಾರ್ಖಾನೆಯ ಹೆಸರು. ಅದರ ಕೆಳಗೆ, ಮಾದರಿಯ ಹೆಸರು. ಅಷ್ಟೆ. ನಂಬರು ಇಲ್ಲ.

ಕೋವಿಯನ್ನು ಮಗುಚಿ ಹಾಕಿ ಆ ಕನ್ನಡಿಯನ್ನು ನೋಡಿದ. ಈ ಕಾರ್ಖಾನೆಯವರು ನಂಬರನ್ನು ಒತ್ತುತ್ತಿದ್ದದ್ದು ಹೊಟ್ಟೆಯ ಮೇಲೆ! ತರಿತರಿ ಎಂದು ಬೆರಳಿಗೆ ಸಿಕ್ಕಿದ್ದು ಬೆವರಿನ ಗುಳಿಯಲ್ಲ, ಆರು ಅಂಕಿ. ಭೂತಗನ್ನಡಿ ಹಿಡಿದು ನೋಡಿದ, ಬೆಳಕಿಗೆ ಓರೆ ಮಾಡಿದ, ಉಸಿರು ಊದಿ ನೋಡಿದ. ಒಂದು ಗೀರು ಕೂಡ ಉಳಿದಿರಲಿಲ್ಲ. ಅಷ್ಟು ಚೆನ್ನಾಗಿ ಅವನು ಜೀವನದಲ್ಲಿ ಯಾವ ಕೆಲಸವನ್ನೂ ಮಾಡಿರಲಿಲ್ಲ. ಸ್ಟೂಲಿನ ಮೇಲೆ ಕುಸಿದು ತಲೆ ಮೇಲೆ ಕೈಹೊತ್ತು ಕೂತ. ಇದು ಅವನದೇ ಕೋವಿಯಾಗಿದ್ದರೆ ನಾಲ್ಕು ದಿನ ಅತ್ತು ಸುಮ್ಮನಾಗುತ್ತಿದ್ದ. ಹೆಂಡತಿಗೆ ಅಪ್ಪನ ಕಡೆಯಿಂದ ಉಳಿದಿದ್ದ ವಸ್ತು ಇದೊಂದೇ. ಇದು ಕುಲುಮೆಗೆ ಹೋಗುತ್ತದೆ ಎಂದು ಯಾವ ಬಾಯಲ್ಲಿ ಹೇಳುವುದು?

ಹೆಂಡತಿ ಬಂದಳು. ಮೇಜಿನ ಮೇಲಿದ್ದ ಕೋವಿಯನ್ನು ನೋಡಿ ಬಾಗಿಲಲ್ಲೇ ನಿಂತಳು.

"ಪೇಂಟು ಪೂರ್ತಿ ಹೋಯ್ತಾ?" ಎಂದಳು.

"ಹ್ಞೂಂ" ಎಂದ ತುಕ್ಕಣ್ಣ.

ಅವಳು ಹತ್ತಿರ ಬಂದು ಮರದ ಹಿಡಿಯ ಮೇಲೆ ಒಮ್ಮೆ ಕೈಯಾಡಿಸಿ, "ಚೆನ್ನಾಗಿದೆ" ಎಂದು ಒಳಗೆ ಹೋದಳು. ಊಟಕ್ಕೆ ಕೂತಾಗ, "ಯಾಕ್ರೀ, ಮುಖ ಹಾಗಿದೆ?" ಎಂದಳು. "ಹೇಗಿದೆ? ಸರಿಯಾಗೇ ಇದೆಯಲ್ಲ" ಎಂದು ಅವನು ಗಲ್ಲ ಮುಟ್ಟಿ ನೋಡಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ. ಅವಳು ಇನ್ನೊಂದು ಸೌಟು ಬಡಿಸಿದಳು.

ತಪಾಸಣೆಗೆ ಒಂದು ದಿನ ಉಳಿದಿತ್ತು. ರಜೆಯ ಬೆಳಿಗ್ಗೆ. ತುಕ್ಕಣ್ಣನ ಹತ್ತಿರ ಅಂಕಿ ಒತ್ತುವ ಉಕ್ಕಿನ ಅಚ್ಚುಗಳ ಪೆಟ್ಟಿಗೆ ಇದೆ. ಯಂತ್ರದ ಬಿಡಿಭಾಗಗಳು ಅದಲುಬದಲಾಗದಿರಲಿ ಎಂದು ಗುರುತು ಹಾಕಲು ಇಟ್ಟುಕೊಂಡದ್ದು. ಅದನ್ನು ಬಿಚ್ಚಿದ. ನಂಬರಂತೂ ಲೈಸೆನ್ಸಿನಲ್ಲಿದೆ, ಬಾಯಿಪಾಠವೂ ಆಗಿದೆ. ಆರು ಏಟು, ಆಮೇಲೆ ಸ್ವಲ್ಪ ತುಕ್ಕಿನ ನೀರು ಹಚ್ಚಿದರೆ ನೂರು ವರ್ಷ ಹಳೆಯದಾಗಿ ಕಾಣುತ್ತದೆ. ಅವನ ಕೈಗೆ ಅದೇನು ಮಹಾ ಕೆಲಸ? ಆದರೆ ಅದು ಕಳ್ಳ ನಂಬರು. ಜೈಲಿಗೆ ದಾರಿ. ನಾಲ್ಕರ ಅಚ್ಚನ್ನು ಕಬ್ಬಿಣದ ಮೇಲೆ ನೇರ ನಿಲ್ಲಿಸಿದ, ಸುತ್ತಿಗೆ ಎತ್ತಿದ, ಇಳಿಸಿದ. ಮತ್ತೆ ಎತ್ತಿದ. ಅಚ್ಚು ಜಾರಿ ನೆಲಕ್ಕೆ ಬಿತ್ತು.

"ಏನ್ರೀ ಅದು?" ಹೆಂಡತಿ ಬಾಗಿಲಲ್ಲಿದ್ದಳು, ಕೈಯಲ್ಲಿ ಕಾಫಿ ಲೋಟ.

ತುಕ್ಕಣ್ಣ ಬಾಯಿ ಬಿಟ್ಟ. ಬಿಟ್ಟಿದ್ದೇ ಬಿಟ್ಟಿದ್ದು, ಇಷ್ಟು ದಿನ ಕಟ್ಟಿಕೊಂಡಿದ್ದೆಲ್ಲ ಒಂದೇ ಸಮನೆ ಹೊರಬಂತು. ಟೇಪು, ತರಿತರಿ, ಕನ್ನಡಿ, ಕುಲುಮೆ. "ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡ್ಬಿಟ್ಟೆ ಕಣೇ. ನಿಮ್ಮಪ್ಪನ ಕೋವಿನ ನಾನೇ ಕೈಯಾರೆ ಹಾಳು ಮಾಡ್ದೆ. ಬೈಯೋದಾದ್ರೆ ಬೈದ್ಬಿಡು" ಎಂದ. ಕಣ್ಣಲ್ಲಿ ನೀರು.

ಹೆಂಡತಿ ಲೋಟ ಮೇಜಿನ ಮೇಲಿಟ್ಟಳು. ಬೈಯಲಿಲ್ಲ. ಅವಳಿಗೆ ನಗು ಬಂತು. ಸಣ್ಣ ನಗುವಲ್ಲ, ಬಾಗಿಲ ಚೌಕಟ್ಟು ಹಿಡಿದುಕೊಳ್ಳುವಂಥ ನಗು.

"ನಗ್ತಿದ್ದೀಯಲ್ಲೇ!"

"ಇನ್ನೇನ್ರೀ ಮಾಡ್ಲಿ? ಯಾವ ಕತ್ತೆ ಬಳೀತು, ಯಾವ ಕತ್ತೆ ಬಳೀತು ಅಂತಿದ್ರಲ್ಲ. ಆ ಕತ್ತೆ ನಾನೇ."

ಅವಳಿಗೆ ಆಗ ಹನ್ನೊಂದು ವರ್ಷವಂತೆ. ಅಪ್ಪ ಜ್ವರ ಬಂದು ಮಲಗಿದ್ದರು. ಮೂಲೆಯಲ್ಲಿ ನಿಂತಿದ್ದ ಕೋವಿಗೆ ತುಕ್ಕು ಹಿಡಿಯುತ್ತಿತ್ತು. ಅಪ್ಪ ಎದ್ದಾಗ ಖುಷಿಯಾಗಲಿ ಎಂದು, ಕಿಟಕಿಗೆ ಬಳಿದು ಉಳಿದಿದ್ದ ಪೇಂಟನ್ನು ಮಗಳು ಅದರ ಮೈಗೆಲ್ಲ ಬಳಿದಿಟ್ಟಳು. ಅಮ್ಮ ನೋಡಿ ಚೀರಿದರು. ಅಪ್ಪ ಎದ್ದು ಬಂದು, ಕೋವಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಭೇಷ್, ಇನ್ನು ಹಂದಿಗೂ ಕಾಣಲ್ಲ" ಎಂದರು. ಅಷ್ಟೆ. ಆಮೇಲೆ ನಲವತ್ತು ವರ್ಷ ಅದೇ ಪೇಂಟಿನಲ್ಲೇ ಹಿಡಿದು ಓಡಾಡಿದರು. ತೆಗೆಸಿಬಿಡಿ ಎಂದವರಿಗೆಲ್ಲ ಇರಲಿ ಬಿಡಿ ಎಂದರು.

"ಒಂದು ದಿನಾನೂ ಬೈಲಿಲ್ಲ ರೀ ಅಪ್ಪ" ಎಂದಳು. ಈಗ ಅವಳ ಕಣ್ಣಲ್ಲೂ ನೀರಿತ್ತು. "ನಾನು ನಿಮಗೆ ಬೈದ್ರೆ ಅವರು ನಗ್ತಾರೆ. ಆದ್ರೆ ಇದು ಕುಲುಮೆಗೆ ಹೋಗೋಕೆ ಮಾತ್ರ ನಾನು ಬಿಡಲ್ಲ. ಆ ಅಚ್ಚು ಎತ್ತಿ ಒಳಗಿಡಿ. ನಾಳೆ ಇಬ್ಬರೂ ಹೋಗೋಣ, ಇದ್ದದ್ದು ಇದ್ದ ಹಾಗೆ ಹೇಳೋಣ."

ತುಕ್ಕಣ್ಣ ಕಾಫಿ ಕುಡಿದ. ಅದು ಆರಿ ತಣ್ಣಗಾಗಿತ್ತು. ಆದರೂ ಇಷ್ಟು ದಿನದಲ್ಲಿ ಬಾಯಿಗೆ ರುಚಿ ಹತ್ತಿದ್ದು ಅದೇ ಮೊದಲು. ಕೋವಿ ಉಳಿಯುತ್ತದೋ ಇಲ್ಲವೋ, ಹೆಂಡತಿಯಿಂದ ಬಚ್ಚಿಡುವ ಕೆಲಸ ತಪ್ಪಿತಲ್ಲ ಎಂದು ಹೆಗಲು ಹಗುರಾಯಿತು.

ಮಾರನೆಯ ದಿನ ಕಚೇರಿಯಲ್ಲಿ ಉದ್ದನೆಯ ಬೆಂಚು, ಬೆಂಚಿನ ತುಂಬ ಚೀಲ ಹಿಡಿದು ಕೂತ ಜನ. ಇವರ ಸರದಿ ಬಂತು. ಅಧಿಕಾರಿ ಕನ್ನಡಕದ ಹೆಂಗಸು, ಮಾತು ಚುಟುಕು. ತುಕ್ಕಣ್ಣ ಕೋವಿಯನ್ನು ಮೇಜಿನ ಮೇಲೆ ಮಗುಚಿ ಇಟ್ಟು, "ನಂಬರು ನಾನೇ ಉಜ್ಜಿಹಾಕಿದ್ದೀನಿ ಮೇಡಂ. ಬೇಕಂತ ಅಲ್ಲ, ತಿಳೀದೆ" ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಅವರು ಆ ಕನ್ನಡಿಯಲ್ಲಿ ತಮ್ಮ ಕನ್ನಡಕವನ್ನೇ ನೋಡಿದರು.

"ಇಷ್ಟು ವರ್ಷ ಇದೇ ಕೆಲಸ ಮಾಡ್ತಿದ್ದೀರಿ ಅಂತೀರಿ, ನಂಬರು ಎಲ್ಲಿರುತ್ತೆ ಅಂತ ಗೊತ್ತಿಲ್ವಾ?"

"ಗೊತ್ತಿದೆ ಅಂದ್ಕೊಂಡಿದ್ದೇ ತಪ್ಪಾಯ್ತು ಮೇಡಂ."

ಅಧಿಕಾರಿ ಫೋನೆತ್ತಿ ಪ್ರಯೋಗಾಲಯದ ಒಬ್ಬರನ್ನು ಕರೆಸಿದರು. ಕಚೇರಿಯಲ್ಲಿ ಎಲ್ಲರೂ ಅವರನ್ನು ಆಸಿಡ್ ತಾತ ಎನ್ನುತ್ತಿದ್ದರು. ಬೆರಳ ತುದಿಗಳೆಲ್ಲ ಹಳದಿ. ತಾತ ಕೋವಿಯ ಹೊಟ್ಟೆಯನ್ನು ಸವರಿ, "ಆಳಕ್ಕೆ ಹೋಗಿಲ್ಲ, ಇದ್ರೂ ಇರಬಹುದು" ಎಂದರು. ಕಾರ್ಖಾನೆಯಲ್ಲಿ ಅಂಕಿ ಒತ್ತುವಾಗ ಆ ಏಟಿಗೆ ಅಡಿಯ ಕಬ್ಬಿಣವೂ ಬಿಗಿದುಕೊಂಡಿರುತ್ತದಂತೆ. ಮೇಲಿನದನ್ನು ಉಜ್ಜಿದರೂ ಅಡಿಯಲ್ಲಿ ಬಿಗಿದದ್ದು ಹಾಗೇ ಉಳಿದಿರುತ್ತದೆ. ಆಸಿಡ್ ಸವರಿದರೆ ಸುತ್ತಲಿನ ಕಬ್ಬಿಣ ಬೇಗ ಕರಗಿ, ಅಂಕಿಯ ನೆರಳು ಒಂದೆರಡು ನಿಮಿಷ ಎದ್ದು ಕಾಣುತ್ತದೆ, ಆಮೇಲೆ ಮಾಯ. ಮೂರು ಸಲಕ್ಕಿಂತ ಹೆಚ್ಚು ಸವರಿದರೆ ಇದ್ದ ನೆರಳೂ ಹೋಗುತ್ತದೆ.

"ಲೈಸೆನ್ಸ್ ಪುಸ್ತಕ ನೋಡದ ಇಬ್ಬರು ನಂಬರು ಓದ್ಬೇಕು" ಎಂದರು ಅಧಿಕಾರಿ. "ಅವರು ಓದಿದ್ದು ಪುಸ್ತಕಕ್ಕೆ ತಾಳೆಯಾಗ್ಬೇಕು. ಒಂದು ಅಂಕಿ ಹೆಚ್ಚುಕಮ್ಮಿ ಆದ್ರೂ ನಾನೇನೂ ಮಾಡೋಕಾಗಲ್ಲ. ತಾತ ಒಬ್ರಾದ್ರು. ಇನ್ನೊಬ್ರು?"

"ನಾನು ಓದ್ಲಾ ಮೇಡಂ?" ಎಂದ ತುಕ್ಕಣ್ಣ.

"ನಿಮಗೆ ಬಾಯಿಪಾಠ ಇರುತ್ತಲ್ರೀ!" ಎಂದು ಅವರು ಗದರಿ, ಹೆಂಡತಿಯ ಕಡೆ ತಿರುಗಿದರು. "ನೀವು ಲೈಸೆನ್ಸ್ ನೋಡಿದ್ದೀರಾ?"

"ನೋಡೋಕೆ ಅದೇನು ನನ್ನ ಹೆಸರಲ್ಲಿದೆಯಾ?" ಎಂದಳು ಅವಳು.

ಅಧಿಕಾರಿ ಅವಳನ್ನು ಒಂದು ಗಳಿಗೆ ನೋಡಿ, "ಸರಿ, ನೀವು ಓದಿ" ಎಂದರು. ತುಕ್ಕಣ್ಣನ ಕಡೆ ಬೆರಳು ತೋರಿಸಿ, "ನೀವು ಆ ಗೋಡೆ ಕಡೆ ಮುಖ ಮಾಡಿ ಕೂತ್ಕೊಳ್ಳಿ. ಕೆಮ್ಮೋದು, ನರಳೋದು ಏನೂ ಬೇಡ. ಶಬ್ದ ಬಂದ್ರೆ ಅಲ್ಲಿಗೇ ನಿಲ್ಲಿಸ್ತೀನಿ" ಎಂದರು.

ಅರವತ್ತರ ಹತ್ತಿರದ ಗಂಡಸು ತರಗತಿಯಲ್ಲಿ ಶಿಕ್ಷೆಯಾದವನಂತೆ ಗೋಡೆಗೆ ಮುಖ ಮಾಡಿ ಕೂತ. ಗೋಡೆಯಲ್ಲಿ ಒಂದು ಮೊಳೆ, ಮೊಳೆಯ ಸುತ್ತ ಉದುರಿದ ಸುಣ್ಣ. ಹಿಂದುಗಡೆ ಶೀಶೆಯ ಮುಚ್ಚಳ ತೆರೆದ ಸದ್ದು. ಮೂಗಿಗೆ ಘಾಟು. ತಾತ ಮೊದಲ ಸಲ ಸವರಿದರು, ಏನೂ ಏಳಲಿಲ್ಲ. ಎರಡನೆಯ ಸಲ ಸವರಿ, ತಾವು ಕಂಡದ್ದನ್ನು ಚೀಟಿಯಲ್ಲಿ ಗೀಚಿ ಮಡಿಸಿಟ್ಟು, "ಆಯ್ತು, ನಂದು ಬರೆದಿದ್ದೀನಿ. ಇದು ಮೂರನೇ ಸಲ, ಕೊನೇದು. ಬನ್ನಿ ತಾಯಿ, ಬೇಗ ಓದಿ" ಎಂದರು.

"ನಾಲ್ಕು" ಎಂದಳು ಹೆಂಡತಿ. ತುಕ್ಕಣ್ಣ ಮೊಳೆಯನ್ನು ನೋಡಿದ. ಸರಿ.

"ಏಳು." ಸರಿ.

"ಸೊನ್ನೆ. ಒಂಬತ್ತು." ಸರಿ, ಸರಿ.

"ಒಂದು." ಇನ್ನೊಂದೇ ಒಂದು, ಮಹರಾಯ್ತಿ, ಇನ್ನೊಂದೇ ಒಂದು.

"ಎಂಟು" ಎಂದಳು.

ಜೀವ ಬಾಯಿಗೆ ಬಂತು. ಎಂಟಲ್ಲ ಕಣೇ, ಮೂರು! ಹೊಟ್ಟೆಯಿಂದ ಕಿತ್ತುಕೊಂಡು ಬಂದ ಕೂಗನ್ನು ಹಲ್ಲು ಕಚ್ಚಿ ನುಂಗಿದ. ಮೊಳೆ ಎರಡಾಗಿ ಕಂಡಿತು. ಅಪ್ಪ ಬಿಟ್ಟುಹೋದ ಕೋವಿ, ಮಗಳ ಬಾಯಿಂದಲೇ ಹೋಯಿತು. ಮಾಡಿದ ಪಾಪಿ ತಾನು, ಅನ್ನಿಸಿಕೊಳ್ಳುವವಳು ಅವಳು.

"ತಡೀರಿ" ಎಂದಳು ಹೆಂಡತಿ. "ಇನ್ನೂ ಬರ್ಕೋಬೇಡಿ. ಇಲ್ಲಿ ದೀಪ ಮೇಲಿಂದ ಬೀಳ್ತಿದೆ. ಕಿಟಕಿ ಹತ್ರ ಹಿಡೀರಿ ತಾತ, ಓರೆಯಾಗಿ. ಕಪ್ಪು ಬಟ್ಟೆ ಮೇಲೆ ಕಪ್ಪು ದಾರದ ಹೊಲಿಗೆ ಬಿಚ್ಚೋವಾಗ ನಾವು ಹಾಗೇ ನೋಡೋದು." ಚಪ್ಪಲಿಗಳು ಸರಿದ ಸದ್ದು. ತಾತ "ಮಾಸ್ತಾ ಇದೆ ತಾಯಿ, ಬೇಗ" ಎಂದರು. ಬೆಂಚಿನಿಂದ ಯಾರೋ ಎದ್ದು ನಿಂತ ಸದ್ದು.

"ಎಡಗಡೆ ಇರೋದು ಗೀರು" ಎಂದಳು ಹೆಂಡತಿ ನಿಧಾನವಾಗಿ. "ಇವರು ಉಜ್ಜಿದ ಗೀರು. ಅಂಕಿ ಬಲಗಡೆಯದು ಮಾತ್ರ. ಮೂರು. ಬರ್ಕೊಳ್ಳಿ, ಮೂರು."

ಚೀಟಿ ಬಿಚ್ಚಿದ ಸದ್ದು ಕೇಳಿತು. ಪುಸ್ತಕದ ಹಾಳೆ ಮಗುಚಿತು. ಆಮೇಲೆ ಒಂದು ಸೀಲು ದಪ್ಪೆಂದು ಬಿತ್ತು, ಪುಸ್ತಕ ಮುಚ್ಚಿತು.

"ತಿರುಗಬಹುದಾ ಮೇಡಂ?" ತುಕ್ಕಣ್ಣ ಗೋಡೆ ನೋಡುತ್ತಲೇ ಕೇಳಿದ.

"ತಿರುಗಿ ಸ್ವಾಮಿ, ತಿರುಗಿ. ತಾಳೆಯಾಯ್ತು."

ಹೋದ ಜೀವ ಬಂದಂತಾಯಿತು. ಹೆಂಡತಿ ಬಂದು ರಟ್ಟೆ ಹಿಡಿದು ಎಬ್ಬಿಸಿದಳು. ಬೆಂಚಿನ ಮೇಲಿದ್ದ ಯಾರೋ ಚಪ್ಪಾಳೆ ತಟ್ಟಿದರು. ಆಸಿಡ್ ತಾತ ಕಚೇರಿಯ ಅಚ್ಚುಗಳನ್ನು ತಂದು, ನೆರಳಿದ್ದ ಜಾಗದ ಪಕ್ಕದಲ್ಲೇ ಆರೂ ಅಂಕಿಗಳನ್ನು ಹೊಸದಾಗಿ ಒತ್ತಿದರು. ಏಳು ಓರೆಯಾಯಿತು, ಸೊನ್ನೆ ಕೆಳಗಿಳಿಯಿತು. ಬೇರೆ ದಿನವಾಗಿದ್ದರೆ ತುಕ್ಕಣ್ಣ ಆ ಕೆಲಸ ನೋಡಿ ರಂಪ ಮಾಡುತ್ತಿದ್ದ. ಅವತ್ತು ಆ ಸೊಟ್ಟ ಅಂಕಿಗಳಷ್ಟು ಚೆಂದ ಅವನಿಗೆ ಬೇರೇನೂ ಕಾಣಲಿಲ್ಲ.

"ಇನ್ನೊಂದು ವಿಷಯ" ಎಂದರು ಅಧಿಕಾರಿ. "ತಪ್ಪು ನೀವೇ ಒಪ್ಕೊಂಡಿದ್ದಕ್ಕೆ ನಿಮ್ಮ ಉಳಿದ ಮೂರು ಕೋವಿಯ ಲೈಸೆನ್ಸ್ ರದ್ದು ಮಾಡಲ್ಲ, ಬರೀ ಎಚ್ಚರಿಕೆ ಪತ್ರ ಕೊಡ್ತೀನಿ. ಆದ್ರೆ ನಂಬರು ಅಳಿಸಿದವರ ಹೆಸರಲ್ಲೇ ಈ ಕೋವಿ ಇರೋ ಹಾಗಿಲ್ಲ, ಅದು ನಿಯಮ. ಮನೆಯವರು ಇನ್ಯಾರಾದ್ರೂ ತಗೋಬೇಕು."

"ಅದಕ್ಕೇನಂತೆ ಮೇಡಂ, ನನ್ನ ಭಾವಮೈದ ಇದ್ದಾನೆ, ನಾನು ಹೇಳಿ ಒಪ್ಪಿಸ್ತೀನಿ..." ಎಂದು ತುಕ್ಕಣ್ಣ ಸಲೀಸಾಗಿ ಶುರು ಮಾಡಿದ.

ಅಧಿಕಾರಿ ಅವನನ್ನು ನೋಡಲಿಲ್ಲ, ಅವನ ಪಕ್ಕದಲ್ಲಿದ್ದವಳನ್ನು ನೋಡಿದರು. ತುಕ್ಕಣ್ಣ ನಿಧಾನವಾಗಿ ತಾನೂ ತಿರುಗಿ ನೋಡಿದ.

"ನೀವ್ಯಾಕೆ ತಗೋಬಾರದು?" ಎಂದು ಅಧಿಕಾರಿ ಅವಳನ್ನು ಕೇಳಿದರು.

"ತಗೋತೀನಿ" ಎಂದಳು ಹೆಂಡತಿ. "ಅಪ್ಪ ಹೋದಾಗ ಕೇಳಿದ್ರೂ ಇದೇ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಗಡಿಯಾರ ನೋಡಿ ಗಂಟೆ ಎಷ್ಟೆಂದು ಹೇಳುವವರಂತೆ ಹೇಳಿದಳು. ತುಕ್ಕಣ್ಣನಿಗೆ ಮಾತ್ರ ಅದು ನೇರ ಹೋಗಿ ಎದೆಗೆ ನಾಟಿತು. ಎರಡು ವರ್ಷ ಬೀರುವಿನ ಬೀಗದ ಕೈ ತನ್ನ ಸೊಂಟದಲ್ಲಿತ್ತು. ಒಂದು ದಿನವೂ ತನಗೆ ಹೊಳೆಯಲಿಲ್ಲವಲ್ಲ! ಹೊಳಪಿನ ಬಗ್ಗೆ ಇಷ್ಟೆಲ್ಲ ಮಾತಾಡುವವನಿಗೆ!

ಹೊಸ ಲೈಸೆನ್ಸಿಗೆ ಒಂದು ಪರೀಕ್ಷೆಯಿತ್ತು: ಕೋವಿಯನ್ನು ಜೋಪಾನವಾಗಿ ಹಿಡಿಯಲು ಬರುತ್ತದೆ ಎಂದು ತೋರಿಸಬೇಕು. "ನಾನು ಹೇಳಿಕೊಡ್ಲಾ?" ಎಂದು ತುಕ್ಕಣ್ಣ ಪಿಸುಗುಟ್ಟಿದ. ಅವಳು ಕೇಳಿಸಿಕೊಳ್ಳಲಿಲ್ಲ. ಸೆರಗು ಬಿಗಿದು, ಕೋವಿಯನ್ನು ಎತ್ತಿ, ನಳಿಗೆಯನ್ನು ಜನರಿಲ್ಲದ ಮೂಲೆಗೆ ತಿರುಗಿಸಿ, ಬಳೆಯೊಳಗೆ ಕೈ ತೂರಿಸಿ ಖಟಕ್ ಎಂದು ಕೆಳಗೆ ತಳ್ಳಿದಳು. ಕಿರುಬೆರಳನ್ನು ಒಳಗೆ ಹಾಕಿ ತೋಟಾ ಇಲ್ಲವೆಂದು ತಡವಿ ನೋಡಿದಳು. ನಳಿಗೆಯಡಿ ತೋಟಾ ತುಂಬಿಡುವ ಕೊಳವೆಯನ್ನೂ ಬೆರಳಿನಿಂದ ಒತ್ತಿ ನೋಡಿದಳು. ಅಲ್ಲೂ ಒಂದು ತೋಟಾ ಸಿಕ್ಕಿಕೊಂಡಿರಬಹುದು ಎಂಬುದು ಗೊತ್ತಿದ್ದವರಿಗಷ್ಟೇ ಗೊತ್ತು. "ಖಾಲಿ ಇದೆ ಮೇಡಂ" ಎಂದು ಮೇಜಿನ ಮೇಲೆ ಬಾಯಿ ತೆರೆದಿಟ್ಟಳು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ತುಕ್ಕಣ್ಣ ಅವಳು ಕೋವಿ ಹಿಡಿದದ್ದನ್ನೇ ನೋಡಿರಲಿಲ್ಲ.

"ಯಾರು ಕಲಿಸಿದ್ದು?" ಎಂದರು ಅಧಿಕಾರಿ, ಮೊದಲ ಸಲ ನಗುತ್ತಾ.

"ನಮ್ಮಪ್ಪ. ಪೈರು ಕಾಯೋಕೆ ಹೋಗೋವಾಗ ಜೊತೆಗೆ ಕರ್ಕೊಂಡು ಹೋಗ್ತಿದ್ರು."

ಅವಳು ಸಹಿ ಹಾಕಿದಳು. ಕೋವಿಯನ್ನು ಚೀಲಕ್ಕೆ ಸೇರಿಸಿ ತಾನೇ ಹೆಗಲಿಗೇರಿಸಿದಳು. ಅವಳ ಕೈಚೀಲ, ಛತ್ರಿ, ನೀರಿನ ಬಾಟಲಿ ತುಕ್ಕಣ್ಣನ ಕೈಗೆ ಬಂದವು. ಮೆಟ್ಟಿಲಿಳಿಯುವಾಗ ಅವನ ಮೈಯೆಲ್ಲ ಹಗುರವಾಗಿತ್ತು. ಬಸ್ಸಿಗೆ ಕಾಯುತ್ತಾ ನಿಂತಾಗ ಮೆಲ್ಲಗೆ ಕೇಳಿದ:

"ಆಸಿಡ್ ಬಿದ್ದ ಕಬ್ಬಿಣ ಕಣೇ, ಹಾಗೇ ಬಿಟ್ರೆ ನಾಳೆಗೇ ತುಕ್ಕು ಹತ್ತುತ್ತೆ. ಮನೆಗೆ ಹೋದ್ಮೇಲೆ ಒಂದು ಕೈ ಎಣ್ಣೆ ಹಚ್ಲಾ?"

ಹೆಂಡತಿ ಹೆಗಲ ಮೇಲಿನ ಚೀಲವನ್ನು ಸರಿಮಾಡಿಕೊಂಡಳು.

"ಹಚ್ಚಿ" ಎಂದಳು. "ನಾನು ಪಕ್ಕದಲ್ಲಿ ಕೂತಿರ್ತೀನಿ, ಆಗ ಹಚ್ಚಿ."